ಪೈರಸಿ ಕಾನೂನು: ಬೀಗ ಬಿದ್ದದ್ದು ಯಾರ ಬಾಗಿಲಿಗೆ?

2021ರ ಜೂನ್ 18ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಸಿನಿಮಾಟೋಗ್ರಾಫ್ ಕಾಯ್ದೆಯ ತಿದ್ದುಪಡಿಯ ಕರಡನ್ನು ಜನರ ಮುಂದಿಟ್ಟಿತು. ಅಭಿಪ್ರಾಯ ತಿಳಿಸಲು ಕೊಟ್ಟ ಗಡುವು ಜುಲೈ 2. ಚಿತ್ರರಂಗ ವರ್ಷಗಳಿಂದ ಕೇಳುತ್ತಿದ್ದ ಪೈರಸಿ ವಿರೋಧಿ ಶಿಕ್ಷೆಗಳು ಆ ಕರಡಿನಲ್ಲಿದ್ದವು. ಅವುಗಳ ಪಕ್ಕದಲ್ಲೇ ಚಿತ್ರರಂಗ ಕೇಳದೇ ಇದ್ದ ಇನ್ನೊಂದು ಅಂಶವೂ ಕೂತಿತ್ತು. ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಟ್ಟ ಚಿತ್ರವನ್ನು ಮತ್ತೊಮ್ಮೆ ಪರಿಶೀಲಿಸುವಂತೆ ಹೇಳುವ ಅಧಿಕಾರವನ್ನು ಅದು ಕೇಂದ್ರ ಸರ್ಕಾರಕ್ಕೆ ಕೊಡಹೊರಟಿತ್ತು.

ಕನ್ನಡಿಗರಿಗೆ ಇದು ಹಳೆಯ ಪರಿಚಯ. ಪ್ರಮಾಣಪತ್ರದ ವಿಷಯದಲ್ಲಿ ಸರ್ಕಾರಕ್ಕಿದ್ದ ಇಂಥದೇ ಅಧಿಕಾರವನ್ನು ಪ್ರಶ್ನಿಸಿ ಗೆದ್ದವರು ಕನ್ನಡದ ಚಿತ್ರ ನಿರ್ದೇಶಕ ಕೆ.ಎಂ. ಶಂಕರಪ್ಪ. ಕರ್ನಾಟಕ ಹೈಕೋರ್ಟ್ 1990ರಲ್ಲಿ ಅದನ್ನು ರದ್ದು ಮಾಡಿತು, 2000ದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಎರಡು ನ್ಯಾಯಾಲಯಗಳು ಮುಚ್ಚಿದ್ದ ಬಾಗಿಲನ್ನು ಪೈರಸಿ ತಡೆಯ ಹೆಸರು ಹೊತ್ತ ಕರಡು ಮತ್ತೆ ತೆರೆಯಲು ನೋಡಿತು. ಚಿತ್ರಕರ್ಮಿಗಳು ದನಿ ಎತ್ತಿದರು, 2023ರಲ್ಲಿ ಕಾಯ್ದೆಯಾಗಿ ಬಂದಾಗ ಆ ಅಂಶ ಅದರಲ್ಲಿರಲಿಲ್ಲ. ಅಷ್ಟಕ್ಕೆ ನಿಟ್ಟುಸಿರು ಬಿಟ್ಟು ಸುಮ್ಮನಾಗಬಹುದಿತ್ತು. ಆದರೆ ಪೈರಸಿ ವಿರುದ್ಧದ ಯಾವ ಕಾನೂನನ್ನು ಓದುವಾಗಲೂ ನಾನು ಈಗ ಮೊದಲು ನೋಡುವುದು ಒಂದನ್ನೇ: ಕದಿಯದವನ ಗತಿ ಇದರಲ್ಲಿ ಏನು?

ಹಾಗೆಂದು ಕಳ್ಳತನವನ್ನು ಹಗುರ ಮಾಡಲಾರೆ. ಬಿಡುಗಡೆಯ ದಿನ ಸಂಜೆಯೊಳಗೆ ‘ಲಿಂಕ್ ಸಿಕ್ತಾ?’ ಎಂಬ ಸಂದೇಶ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುವುದನ್ನು ಎಲ್ಲರೂ ಕಂಡಿದ್ದೇವೆ. ದೊಡ್ಡ ನಟನ ಚಿತ್ರಕ್ಕೆ ಇದು ಪೆಟ್ಟು. ಮೊದಲ ವಾರಾಂತ್ಯದ ಬಾಯಿಮಾತನ್ನೇ ನಂಬಿಕೊಂಡ ಸಣ್ಣ ಚಿತ್ರಕ್ಕೆ ಇದು ಉಸಿರೇ ನಿಂತಂತೆ. ಶುಕ್ರವಾರ ಕ್ಯಾಮೆರಾ ಪ್ರಿಂಟ್ ಹೊರಬಿದ್ದರೆ ಸೋಮವಾರ ಪರದೆ ಕೈತಪ್ಪುತ್ತದೆ. ಸಾಲ ಮಾಡಿ ಚಿತ್ರ ತೆಗೆದ ನಿರ್ಮಾಪಕನ ಸಂಕಟ ಸುಳ್ಳಲ್ಲ. ಆ ಸಂಕಟದ ಹೆಸರಿನಲ್ಲಿ ಬರೆಯುವ ಕಾನೂನು ಆ ಸಂಕಟಕ್ಕೇ ಮದ್ದಾಗಬೇಕು ಎಂಬುದಷ್ಟೇ ನನ್ನ ವಾದ.

ಇಂಥ ಕಾನೂನನ್ನು ಕುರಿತು ಜಗತ್ತು ಕಂಡ ಅತಿ ದೊಡ್ಡ ಸಾರ್ವಜನಿಕ ಚರ್ಚೆ ನಡೆದದ್ದು ಅಮೆರಿಕದಲ್ಲಿ. 2011ರ ಅಕ್ಟೋಬರ್ 26ರಂದು ಲಾಮಾರ್ ಸ್ಮಿತ್ ಅಲ್ಲಿನ ಪ್ರತಿನಿಧಿ ಸಭೆಯಲ್ಲಿ ಮಂಡಿಸಿದ ಮಸೂದೆ ‘ಸೋಪಾ’, ಸೆನೆಟ್‌ನಲ್ಲಿ ಅದರ ಜೊತೆಗಾರ ‘ಪಿಪಾ’. ವಿದೇಶದಲ್ಲಿ ಕೂತು ಕದ್ದ ಚಿತ್ರ, ಸಂಗೀತ ಹಂಚುವ ತಾಣಗಳು ಇವುಗಳ ಗುರಿ. ಕಳ್ಳ ಕೈಗೆ ಸಿಗುವುದಿಲ್ಲ, ಆದ್ದರಿಂದ ಅವನತ್ತ ಹೋಗುವ ದಾರಿಗಳನ್ನೆಲ್ಲ ಮುಚ್ಚಬೇಕು ಎಂಬುದು ಅವುಗಳ ಆಲೋಚನೆ. ಅಂತರ್ಜಾಲ ಕಂಪನಿಗಳು ತಾಣದ ವಿಳಾಸ ತೆರೆಯದಂತೆ ಮಾಡಬೇಕು, ಹುಡುಕುತಾಣಗಳು ಕೊಂಡಿ ಕೀಳಬೇಕು, ಹಣ ಪಾವತಿ ಮತ್ತು ಜಾಹೀರಾತು ಸಂಸ್ಥೆಗಳು ವ್ಯವಹಾರ ನಿಲ್ಲಿಸಬೇಕು.

ಇವುಗಳಲ್ಲಿ ಕೊನೆಯದು ನ್ಯಾಯವಾದದ್ದೇ. ಪೈರಸಿ ತಾಣಗಳು ನಡೆಯುವುದು ಜಾಹೀರಾತಿನ ದುಡ್ಡಿನಿಂದ, ಆ ದುಡ್ಡಿನ ಬೇರು ಕತ್ತರಿಸಿದರೆ ಮರ ತಾನಾಗಿ ಒಣಗುತ್ತದೆ. ಆದರೆ ವಿಳಾಸವನ್ನೇ ಮುಚ್ಚುವ ಉಪಾಯ ಬೇರೆ ಬಗೆಯದು. ಒಂದು ತಾಣದಲ್ಲಿ ಸಾವಿರಾರು ಜನರ ಬರಹ, ಚಿತ್ರ, ವಿಡಿಯೊ ಇರುತ್ತವೆ. ಯಾರೋ ಒಬ್ಬ ಮಾಡಿದ ತಪ್ಪಿಗೆ ಉಳಿದವರ ಬಾಗಿಲಿಗೂ ಬೀಗ. ಅಂತರ್ಜಾಲದ ವಿಳಾಸ ವ್ಯವಸ್ಥೆಯನ್ನು ಸುರಕ್ಷಿತಗೊಳಿಸಲು ನಡೆಯುತ್ತಿದ್ದ ಕೆಲಸಕ್ಕೂ ಇದು ಅಡ್ಡಿಯಾಗುತ್ತದೆಂದು ತಂತ್ರಜ್ಞರು ಎಚ್ಚರಿಸಿದರು. 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಇಪ್ಪತ್ತನಾಲ್ಕು ಗಂಟೆ ಪುಟಗಳನ್ನು ಮುಚ್ಚಿಕೊಂಡಿತು, ಗೂಗಲ್ ತನ್ನ ಲಾಂಛನಕ್ಕೆ ಕಪ್ಪುಪಟ್ಟಿ ಹಾಕಿತು. ಎರಡೇ ದಿನಗಳಲ್ಲಿ ಎರಡೂ ಮಸೂದೆಗಳು ಬದಿಗೆ ಸರಿದವು. ಪ್ರತಿಭಟನೆಯ ಮರುದಿನವೇ ಅಮೆರಿಕ ಸರ್ಕಾರ ಇದ್ದ ಕಾನೂನುಗಳನ್ನೇ ಬಳಸಿ ‘ಮೆಗಾಅಪ್‌ಲೋಡ್’ ತಾಣವನ್ನು ಮುಚ್ಚಿಸಿತು. ಹೊಸ ಕಾನೂನಿಲ್ಲದೆ ಕೆಲಸ ಆಗುವುದೇ ಇಲ್ಲ ಎಂಬ ಮಾತಿನ ಬಲ ಅಲ್ಲಿಗೆ ಕುಂದಿತು. ತಮ್ಮ ಸ್ವಂತ ಕಡತಗಳನ್ನು ಅಲ್ಲಿಟ್ಟಿದ್ದ ಸಾಮಾನ್ಯರಿಗೆ ಅವು ಸಿಗದೇ ಹೋದವು ಎಂಬುದನ್ನೂ ಇದರ ಜೊತೆಗೇ ನೆನೆಯಬೇಕು.

ಅಮೆರಿಕದಲ್ಲಿ ಚರ್ಚೆಯಾಗಿ ಬಿದ್ದುಹೋದ ಉಪಾಯ ಅದೇ ವರ್ಷ ನಮ್ಮಲ್ಲಿ ಯಾವ ಮಸೂದೆಯೂ ಇಲ್ಲದೆ ಜಾರಿಗೆ ಬಂತು. ತಮಿಳಿನ ‘3’ ಚಿತ್ರದ ನಿರ್ಮಾಪಕರು ಮದ್ರಾಸ್ ಹೈಕೋರ್ಟ್‌ನಿಂದ ‘ಜಾನ್ ಡೋ’ ಆದೇಶ ತಂದರು. ಹೆಸರು ಗೊತ್ತಿಲ್ಲದ ಪ್ರತಿವಾದಿಯ ಮೇಲೆ ಕೊಡುವ ಇಂಥ ಆದೇಶವನ್ನು ನಮ್ಮ ನ್ಯಾಯಾಲಯಗಳು ‘ಅಶೋಕ್ ಕುಮಾರ್’ ಆದೇಶ ಎಂದೂ ಕರೆಯುತ್ತವೆ. ಅಂತರ್ಜಾಲ ಕಂಪನಿಗಳು ಕದ್ದ ಪ್ರತಿಯಿದ್ದ ಪುಟಗಳನ್ನು ಹುಡುಕುವ ಗೋಜಿಗೆ ಹೋಗದೆ ಇಡೀ ತಾಣಗಳನ್ನೇ ಮುಚ್ಚಿದವು. ಸ್ವತಂತ್ರ ಚಿತ್ರಕರ್ಮಿಗಳು ತಮ್ಮ ಕಿರುಚಿತ್ರಗಳನ್ನು ಇಡುತ್ತಿದ್ದ ವಿಮಿಯೊ ಕೂಡ 2012ರ ಮೇ ತಿಂಗಳಲ್ಲಿ ಅನೇಕರಿಗೆ ತೆರೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಗಾದೆ ಇಲ್ಲಿ ಅಕ್ಷರಶಃ ನಡೆಯಿತು, ಸಿನಿಮಾ ಉಳಿಸಲು ಹೊರಟ ಆದೇಶ ಸಿನಿಮಾ ಮಾಡುವವರ ಅಂಗಳವನ್ನೇ ಮುಚ್ಚಿತು. ಜೂನ್‌ನಲ್ಲಿ ಅದೇ ಹೈಕೋರ್ಟ್, ಆದೇಶ ಅನ್ವಯಿಸುವುದು ನಿರ್ದಿಷ್ಟ ಪುಟಗಳ ವಿಳಾಸಕ್ಕೆ ಮಾತ್ರ, ಇಡೀ ತಾಣಕ್ಕಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು.

ಅಲ್ಲಿಂದೀಚೆಗೆ ನಮ್ಮ ನ್ಯಾಯಾಲಯಗಳು ಎರಡು ದಾರಿ ಹಿಡಿದವು. ಬಾಂಬೆ ಹೈಕೋರ್ಟ್‌ನಲ್ಲಿ ನ್ಯಾಯಮೂರ್ತಿ ಗೌತಮ್ ಪಟೇಲ್ 2016ರಲ್ಲಿ ‘ಢಿಶೂಂ’ ಚಿತ್ರದ ಪ್ರಕರಣದಲ್ಲಿ ಸಾರಾಸಗಟು ಆದೇಶಕ್ಕೆ ಒಪ್ಪಲಿಲ್ಲ. ಯಾವ ಪುಟದಲ್ಲಿ ಕದ್ದ ಪ್ರತಿಯಿದೆಯೆಂದು ಪರಿಶೀಲಿಸಿ ಪಟ್ಟಿ ತನ್ನಿ ಎಂದರು. ಮುಚ್ಚಿದ ತಾಣಗಳಲ್ಲಿ ಆಗ ಕಾಣುತ್ತಿದ್ದ ಎಚ್ಚರಿಕೆಯ ಬರಹ ‘ನೋಡಿದರೆ ಮೂರು ವರ್ಷ ಜೈಲು’ ಎಂಬ ಭಯ ಹುಟ್ಟಿಸಿತ್ತು. ಬರಿದೇ ನೋಡುವುದು ಅಪರಾಧವಲ್ಲ ಎಂದು ಹೇಳಿದವರೂ ಅವರೇ. ಇದು ತಾಳ್ಮೆಯ ದಾರಿ. ದೆಹಲಿ ಹೈಕೋರ್ಟ್‌ನದು ವೇಗದ ದಾರಿ. 2019ರ ಏಪ್ರಿಲ್‌ನಲ್ಲಿ ಯುಟಿವಿ ಪ್ರಕರಣದಲ್ಲಿ ಅದು ‘ಡೈನಾಮಿಕ್’ ತಡೆಯಾಜ್ಞೆ ಕೊಟ್ಟಿತು. ಮುಚ್ಚಿದ ತಾಣ ಬೇರೆ ಹೆಸರಿನಲ್ಲಿ ತಲೆ ಎತ್ತಿದರೆ ಹೊಸ ದಾವೆ ಬೇಕಿಲ್ಲ, ಜಂಟಿ ರಿಜಿಸ್ಟ್ರಾರ್ ಮುಂದೆ ಅರ್ಜಿ ಹಾಕಿ ಪಟ್ಟಿಗೆ ಸೇರಿಸಬಹುದು. 2023ರ ಆಗಸ್ಟ್‌ನಲ್ಲಿ ಹಾಲಿವುಡ್ ಸ್ಟುಡಿಯೊಗಳ ದಾವೆಯಲ್ಲಿ ಅದು ಇನ್ನೂ ಮುಂದೆ ಹೋಗಿ, ಮುಂದೆ ಬರಲಿರುವ ಕೃತಿಗಳಿಗೂ ರಕ್ಷಣೆ ವಿಸ್ತರಿಸಿತು.

ವೇಗದ ದಾರಿಯ ಹಿಂದಿನ ತರ್ಕ ನನಗೆ ಅರ್ಥವಾಗುತ್ತದೆ. ಬೆಳಗ್ಗೆ ಮುಚ್ಚಿದ ತಾಣ ಸಂಜೆ ಒಂದಕ್ಷರ ಬದಲಿಸಿಕೊಂಡು ಬಂದರೆ ಪ್ರತಿ ಸಲ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಹೇಗೆ? ಆದರೂ ಎರಡು ಕೊರತೆಗಳು ಎದ್ದು ಕಾಣುತ್ತವೆ. ಪಟ್ಟಿಗೆ ಹೊಸ ಹೆಸರು ಸೇರುವಾಗ ಎದುರು ಪಕ್ಷದ ಪರವಾಗಿ ಮಾತಾಡುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ, ತಪ್ಪಾಗಿ ಸೇರಿದವನಿಗೆ ಅದು ಗೊತ್ತಾಗುವುದು ಬೀಗ ಬಿದ್ದ ಮೇಲೆ. ಇನ್ನೊಂದು, ದೆಹಲಿಯಲ್ಲಿ ಹಿರಿಯ ವಕೀಲರನ್ನು ನೇಮಿಸಿಕೊಳ್ಳಬಲ್ಲ ಸ್ಟುಡಿಯೊಗೆ ಈ ಗುರಾಣಿ ಸಿಗುತ್ತದೆ. ಶಿವಮೊಗ್ಗದಲ್ಲೋ ಮಂಗಳೂರಿನಲ್ಲೋ ಸ್ನೇಹಿತರಿಂದ ಹಣ ಕೂಡಿಸಿ ಚಿತ್ರ ಮಾಡಿದವನಿಗೆ ಅದರ ಖರ್ಚೇ ಇನ್ನೊಂದು ಚಿತ್ರದಷ್ಟು.

ಹಾಗಾಗಿ 2023ರ ತಿದ್ದುಪಡಿ ಕಾಯ್ದೆಯನ್ನು ಈ ಎರಡು ಕೊರತೆಗಳ ಬೆಳಕಿನಲ್ಲಿ ಓದಬೇಕು. ಆ ವರ್ಷದ ಜುಲೈ 20ರಂದು ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆಗೆ ಜುಲೈ 31ರೊಳಗೆ ಎರಡೂ ಸದನಗಳ ಒಪ್ಪಿಗೆ ಸಿಕ್ಕಿತು. ಚಿತ್ರಮಂದಿರದಲ್ಲಿ ಚಿತ್ರವನ್ನು ರೆಕಾರ್ಡ್ ಮಾಡುವುದು, ಅದಕ್ಕೆ ಯತ್ನಿಸುವುದು, ನೆರವಾಗುವುದು, ಕದ್ದ ಪ್ರತಿಯನ್ನು ಪ್ರದರ್ಶಿಸುವುದು ಎಲ್ಲವೂ ಅಪರಾಧ. ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ದಂಡ ಕನಿಷ್ಠ 3 ಲಕ್ಷ ರೂಪಾಯಿ, ಗರಿಷ್ಠ ಚಿತ್ರದ ಲೆಕ್ಕಪರಿಶೋಧಿತ ನಿರ್ಮಾಣ ವೆಚ್ಚದ ಶೇ. 5.

ಇದರಲ್ಲಿ ಮೆಚ್ಚಬೇಕಾದ್ದಿದೆ. ಕಳ್ಳತನ ಹುಟ್ಟುವ ಜಾಗವನ್ನೇ ಕಾಯ್ದೆ ಹೆಸರಿಸಿ ಹಿಡಿದಿದೆ. ಹಕ್ಕುಸ್ವಾಮ್ಯ ಕಾಯ್ದೆ ವಿಮರ್ಶೆಗೆ, ವರದಿಗೆ, ಖಾಸಗಿ ಬಳಕೆಗೆ ಕೊಟ್ಟಿರುವ ವಿನಾಯಿತಿಗಳನ್ನು ಇಲ್ಲಿಯೂ ಉಳಿಸಿಕೊಂಡಿದೆ. 2023ರ ನವೆಂಬರ್‌ನಲ್ಲಿ ಸಚಿವಾಲಯ ನೋಡಲ್ ಅಧಿಕಾರಿಗಳನ್ನು ನೇಮಿಸಿ, ಅವರ ಸೂಚನೆ ತಲುಪಿದ 48 ಗಂಟೆಯೊಳಗೆ ಕೊಂಡಿ ತೆಗೆಯಬೇಕೆಂದಿತು. ವಕೀಲರ ಶುಲ್ಕ ಭರಿಸಲಾಗದ ಸಣ್ಣ ನಿರ್ಮಾಪಕನಿಗೆ ಒಂದು ದೂರು ಬರೆದು ನಡೆಯಬಹುದಾದ ದಾರಿ ಇದು.

ಆದರೆ ಲೆಕ್ಕ ಹಾಕಿ ನೋಡಿ. ನೂರು ಕೋಟಿಯ ಚಿತ್ರ ಕದ್ದವನಿಗೆ ದಂಡ 5 ಕೋಟಿಯವರೆಗೆ ಹೋಗಬಹುದು. ಒಂದು ಕೋಟಿಯ ಚಿತ್ರ ಕದ್ದರೆ 5 ಲಕ್ಷಕ್ಕೆ ನಿಲ್ಲುತ್ತದೆ. ಹೆಚ್ಚು ರಕ್ಷಣೆ ಬೇಕಾದವನ ಪಾಲಿಗೆ ಬೆದರಿಕೆ ಕಡಿಮೆ. ನ್ಯಾಯಾಲಯ ಪರಿಹಾರವೆಂದು ಹೇಳದ ಹೊರತು ಆ ದಂಡವೂ ಸೇರುವುದು ಸರ್ಕಾರದ ಬೊಕ್ಕಸಕ್ಕೆ. ಬಿಡುಗಡೆಯ ಮೊದಲ ಮೂರು ದಿನಗಳಲ್ಲಿ ಸೋರಿಹೋಗುವ ಚಿತ್ರಕ್ಕೆ 48 ಗಂಟೆ ಎಂದರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಮೊದಲ ಕೊರತೆಯಂತೂ ಹಾಗೆಯೇ ಉಳಿದಿದೆ. ಮುಚ್ಚುವ ತೀರ್ಮಾನ ನ್ಯಾಯಾಧೀಶರಿಂದ ಅಧಿಕಾರಿಯ ಮೇಜಿಗೆ ಇಳಿದಿದೆ. ತಪ್ಪಾಗಿ ಮುಚ್ಚಿಸಿಕೊಂಡವನ ಮೊರೆಗೂ ಅಷ್ಟೇ ವೇಗದ ಗಡುವು ಬೇಕಿತ್ತು.

ವರ್ಷಕ್ಕೆ 20,000 ಕೋಟಿ ರೂಪಾಯಿ ನಷ್ಟ ಎಂಬ ಅಂಕಿ ಈ ಕಾಯ್ದೆಯ ಸಮರ್ಥನೆಯಲ್ಲಿ ಮತ್ತೆ ಮತ್ತೆ ಬಂತು. ಕದ್ದು ನೋಡಿದ ಪ್ರತಿಯೊಬ್ಬನೂ ಟಿಕೆಟ್ ಕೊಳ್ಳುತ್ತಿದ್ದ ಎಂದು ಎಣಿಸಲಾಗದು. ಕೆಲವರಿಗೆ ದುಡ್ಡಿಲ್ಲ, ಕೆಲವರ ಊರಿನಲ್ಲಿ ಚಿತ್ರಮಂದಿರವೇ ಉಳಿದಿಲ್ಲ, ಹೊರದೇಶದಲ್ಲಿರುವ ಎಷ್ಟೋ ಕನ್ನಡಿಗರಿಗೆ ಚಿತ್ರ ಸಕ್ರಮವಾಗಿ ಸಿಗುವ ದಾರಿಯೇ ಇರುವುದಿಲ್ಲ. ಇವರನ್ನೆಲ್ಲ ಒಂದೇ ನಷ್ಟದ ಖಾತೆಗೆ ಬರೆದರೆ ಶಿಕ್ಷೆಯೊಂದೇ ಉತ್ತರವಾಗಿ ಕಾಣುತ್ತದೆ.

ನಮ್ಮ ರಾಜ್ಯದ ಕಾನೂನಂತೂ ಎಲ್ಲಕ್ಕಿಂತ ಕಠಿಣ. 1985ರ ಗೂಂಡಾ ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿ ವಿಡಿಯೊ, ಆಡಿಯೊ ಪೈರಸಿ ಮಾಡುವವರನ್ನೂ ‘ಡಿಜಿಟಲ್ ಅಪರಾಧಿ’ಗಳನ್ನೂ ಮುನ್ನೆಚ್ಚರಿಕೆ ಬಂಧನದ ಪಟ್ಟಿಗೆ ಸೇರಿಸಿತು. ಸಲಹಾ ಮಂಡಳಿಯ ಪರಿಶೀಲನೆ ಇದೆ, ನಿಜ. ಆದರೂ ಅಪರಾಧ ಸಾಬೀತಾಗುವ ಮೊದಲೇ ಒಬ್ಬನನ್ನು ಒಂದು ವರ್ಷದವರೆಗೆ ಒಳಗಿಡಬಹುದು. ಡಿಜಿಟಲ್ ಅಪರಾಧಿಯ ವ್ಯಾಖ್ಯೆಯಲ್ಲಿ ಲಾಭಕ್ಕಾಗಿ ಪುಸ್ತಕದ ಹಕ್ಕುಸ್ವಾಮ್ಯ ಮುರಿಯುವವನೂ ಬರುತ್ತಾನೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ, ವಿದ್ಯಾರ್ಥಿಗಳಿಗಾಗಿ ಪಾಠಗಳ ಪ್ರತಿ ಕಟ್ಟಿಕೊಡುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ ಎಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. ಆ ವ್ಯಾಜ್ಯಕ್ಕೆ ನಾಲ್ಕು ವರ್ಷ ಹಿಡಿಯಿತು. ಅಷ್ಟು ಸೂಕ್ಷ್ಮವಾದ ಪ್ರಶ್ನೆಯನ್ನು ವಿಚಾರಣೆಗೆ ಮುಂಚೆ ಪೊಲೀಸರ ಕೈಗೆ ಕೊಡುವುದು ಸರಿಯಲ್ಲ. ಆಸಿಡ್ ದಾಳಿ ಮಾಡುವವನನ್ನೂ ಸಿ.ಡಿ. ಮಾರುವವನನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸಿದ ಕಾನೂನು ತನ್ನ ತಕ್ಕಡಿಯನ್ನೇ ಕಳೆದುಕೊಂಡಿದೆ.

ಪೈರಸಿಯನ್ನು ಎದುರಿಸಲು ಇನ್ನೊಂದು ದಾರಿಯನ್ನು ಕನ್ನಡಿಗರೇ ತೋರಿಸಿದ್ದಾರೆ. 2013ರಲ್ಲಿ ಪವನ್ ಕುಮಾರ್ ‘ಲೂಸಿಯಾ’ ಚಿತ್ರವನ್ನು ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿದರು. 2024ರಲ್ಲಿ ‘ಏಕಂ’ ಸರಣಿಯನ್ನು ಒಟಿಟಿ ವೇದಿಕೆಗಳು ಕೊಳ್ಳದಿದ್ದಾಗ ರಕ್ಷಿತ್ ಶೆಟ್ಟಿ ಮತ್ತು ತಂಡ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಿತು. ನ್ಯಾಯವಾದ ಬೆಲೆಗೆ, ಸುಲಭವಾಗಿ, ಬೇಗ ಸಿಕ್ಕರೆ ದುಡ್ಡು ಕೊಟ್ಟು ನೋಡುವವರಿದ್ದಾರೆ ಎಂಬ ನಂಬಿಕೆಯ ಮೇಲೆ ನಿಂತ ಪ್ರಯತ್ನಗಳಿವು. ಇಂಥ ಸಣ್ಣ ತಾಣಕ್ಕೂ ಪೈರಸಿಯಿಂದ ರಕ್ಷಣೆ ಬೇಕು. ಯಾರದೋ ತಪ್ಪು ದೂರಿನಿಂದ ಅದು ಮುಚ್ಚಿಹೋಗದಂತೆಯೂ ರಕ್ಷಣೆ ಬೇಕು. ಈ ಎರಡನ್ನೂ ಒಟ್ಟಿಗೆ ಕೊಡಬಲ್ಲ ಕಾನೂನನ್ನೇ ನಾನು ಒಳ್ಳೆಯ ಕಾನೂನು ಎನ್ನುವುದು.

ಆದ್ದರಿಂದ ಕೇಳಬೇಕಾದ್ದನ್ನು ನೇರವಾಗಿ ಕೇಳೋಣ. ಮುಚ್ಚಿದ ಕೊಂಡಿಗಳ ಪಟ್ಟಿ, ಕಾರಣದೊಂದಿಗೆ, ಜನರಿಗೆ ಕಾಣುವಂತಿರಲಿ. ತಪ್ಪಾಗಿ ಮುಚ್ಚಿಸಿಕೊಂಡವರ ಮೊರೆಗೂ 48 ಗಂಟೆಯೊಳಗೆ ಉತ್ತರ ಸಿಗಲಿ. ಬಿಡುಗಡೆಯ ವಾರದ ಸಣ್ಣ ಚಿತ್ರಗಳ ದೂರಿಗೆ ಮೊದಲ ಸರದಿ ಇರಲಿ. ಹಕ್ಕುಸ್ವಾಮ್ಯದ ಅಪರಾಧವನ್ನು ಗೂಂಡಾ ಕಾಯ್ದೆಯಿಂದ ಹೊರತೆಗೆಯಲಿ. ಮುಂದಿನ ಕರಡಿಗೂ ಹದಿನಾಲ್ಕೇ ದಿನ ಸಿಕ್ಕಬಹುದು. ಶಂಕರಪ್ಪನವರು ಒಂದೇ ಒಂದು ಸೆಕ್ಷನ್ನಿನ ಬೆನ್ನು ಹತ್ತಿ ಹೈಕೋರ್ಟ್‌ನಿಂದ ಸುಪ್ರೀಂ ಕೋರ್ಟ್‌ವರೆಗೆ ಹೋಗಿಬಂದರು. ಆ ಹದಿನಾಲ್ಕು ದಿನಗಳಲ್ಲಿ ಕರಡಿನ ಪ್ರತಿ ಸೆಕ್ಷನ್ನನ್ನೂ ಓದಿ ನಮ್ಮ ಅಭಿಪ್ರಾಯ ಬರೆದು ಕಳಿಸುವಷ್ಟನ್ನಾದರೂ ನಾವು ಮಾಡೋಣ.