ನೀರು ನಿಂತ ಮೇಲಿನ ಕಥೆ

ಶರಾವತಿ ಮುಳುಗಡೆ ಅಂದ ಕೂಡಲೇ ನಮ್ಮ ಕಣ್ಣೆದುರು ಬರೋದು ಒಂದೇ ಚಿತ್ರ: ಬಿಡದೆ ಸುರಿಯೋ ಮಳೆ, ಮೆಟ್ಟಿಲು ಮೆಟ್ಟಿಲಾಗಿ ಏರೋ ನೀರು, ಬಾಗಿಲು ತೆಗೆದಿಟ್ಟೇ ಬಿಟ್ಟು ಹೊರಟ ಮನೆ. ಈ ಚಿತ್ರವನ್ನು ನಮ್ಮ ತಲೆಯಲ್ಲಿ ಕೂರಿಸಿದ್ದು ಕಾದಂಬರಿ ಮತ್ತು ಸಿನಿಮಾ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಮನೆಯವರು ಲಾರಿ ಹತ್ತಿ ಹೋಗಿ ಇಳಿದದ್ದೆಲ್ಲಿ? ಸೊರಬ, ಶಿಕಾರಿಪುರದ ಕಡೆಯವರನ್ನು ಕೇಳಿ, ಹೇಳ್ತಾರೆ. ಅವರಲ್ಲಿ ಅನೇಕರು ಇಳಿದದ್ದು ನಮ್ಮ ಊರುಗಳ ಅಂಚಿನ ಕಾಡಿನಲ್ಲಿ. ಬಂದವರಿಗೆ 'ಮುಳುಗಡೆಯವರು' ಅನ್ನೋ ಹೆಸರು ಬಿತ್ತು. ಇಲ್ಲೇ ಹುಟ್ಟಿದ ಮೊಮ್ಮಕ್ಕಳಿಗೂ ಆ ಹೆಸರು ತಪ್ಪಲಿಲ್ಲ.

ಈ ಎರಡನೇ ಅರ್ಧದ ಬಗ್ಗೆ ನಮ್ಮ ಕಲೆ ಯಾಕೆ ಇಷ್ಟು ಮೌನ ಅನ್ನೋದು ನನ್ನ ಪ್ರಶ್ನೆ.

ನಾ. ಡಿಸೋಜರಿಂದ ಶುರು ಮಾಡೋಣ. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದು ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು ಅವರು. ಅವರ 'ಮುಳುಗಡೆ', 'ದ್ವೀಪ' ಇಲ್ಲದಿದ್ದರೆ ಈ ಕಣಿವೆಯ ಸಂಕಟ ಘಟ್ಟ ಬಿಟ್ಟು ಆಚೆ ಹೋಗ್ತಾನೇ ಇರಲಿಲ್ಲ. 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. 2001ರ ಸಾಲಿನ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಸೌಂದರ್ಯ ಮಾಡಿದ ನಾಗಿಯ ಪಾತ್ರ ಇವತ್ತಿಗೂ ಕಾಡುತ್ತೆ. ನೀರಿನ ನಡುವೆ ಮನೆ ಉಳಿಸಿಕೊಂಡದ್ದು ನಾಗಿ, ಆದರೆ ಗಂಡ ಅದರ ಶ್ರೇಯ ಕೊಡೋದು ದೇವರಿಗೆ. ಅಣೆಕಟ್ಟಿನ ಕಥೆಯೊಳಗೆ ಹೆಂಗಸಿನ ದುಡಿಮೆಯ ಕಥೆ ತಂದದ್ದು ಕಾಸರವಳ್ಳಿಯವರ ದೊಡ್ಡ ಗೆಲುವು.

ಆದರೆ ಗಮನಿಸಿ, ಆ ಸಿನಿಮಾ ಇರೋದು ಹೋಗದೆ ಉಳಿದವರ ಬಗ್ಗೆ. ಊರವರು ಪರಿಹಾರ ತಗೊಂಡು ಹೊರಡ್ತಾರೆ, ಕ್ಯಾಮೆರಾ ಅವರ ಹಿಂದೆ ಹೋಗಲ್ಲ. ಗಜಾನನ ಶರ್ಮರ 'ಪುನರ್ವಸು' ಭಾರಂಗಿ ಸೀಮೆಯ ಬದುಕನ್ನು ಎಷ್ಟು ವಿವರವಾಗಿ ಕಟ್ಟಿಕೊಡುತ್ತೆ ಅಂದ್ರೆ, ಅದು ಮುಳುಗುವಾಗ ನಮ್ಮದೇ ಏನೋ ಹೋದ ಹಾಗೆ ಆಗುತ್ತೆ. ಅಲ್ಲೂ ಭಾರ ಪೂರ್ತಿ ಬಿದ್ದಿರೋದು ಕಳೆದುಕೊಂಡದ್ದರ ಮೇಲೆ. ನೀರು ಬಂದಲ್ಲಿಗೆ ನಮ್ಮ ಕಥೆ ಮುಗಿಯುತ್ತೆ.

ಇದು ನಮ್ಮ ಒಬ್ಬರ ಕಾಯಿಲೆ ಅಲ್ಲ. ಯುರೋಪಿನ ವಲಸೆಯ ಸಿನಿಮಾಗಳಿಗೂ ದೋಣಿ, ತಂತಿಬೇಲಿ, ಕಡಲು ಅಂದ್ರೆ ಬಹಳ ಪ್ರೀತಿ. 2016ರಲ್ಲಿ ಬರ್ಲಿನ್‌ನಲ್ಲಿ ಚಿನ್ನದ ಕರಡಿ ಗೆದ್ದ ಜಿಯಾನ್‌ಫ್ರಾಂಕೊ ರೋಸಿಯ 'ಫುವೊಕೊಅಮ್ಮಾರೆ' ನೋಡಿ. ಲ್ಯಾಂಪೆಡುಸಾ ದ್ವೀಪಕ್ಕೆ ಬಂದಿಳಿಯೋ ಜನರನ್ನು ನೋಡ್ತಾ ಎದೆ ಭಾರವಾಗುತ್ತೆ. ಅವರು ಆಮೇಲೆ ಯಾವ ಊರಲ್ಲಿ, ಯಾರ ಪಕ್ಕದಲ್ಲಿ ಬದುಕಿದರು ಅನ್ನೋದು ಸಿನಿಮಾದ ಆಚೆಗೇ ಉಳಿಯುತ್ತೆ. ಇದಕ್ಕೆ ಹೋಲಿಸಿದರೆ ಜಾನ್ ಬರ್ಜರ್ ಮತ್ತು ಜಾನ್ ಮೋರ್ 1975ರಲ್ಲಿ ಮಾಡಿದ 'ಎ ಸೆವೆಂತ್ ಮ್ಯಾನ್' ಹೆಚ್ಚು ಪ್ರಾಮಾಣಿಕ. ವಲಸೆ ಕಾರ್ಮಿಕರ ಮೇಲಿನ ಆ ಪುಸ್ತಕದಲ್ಲಿ ಹೊರಡೋದು, ದುಡಿಯೋದು, ಮರಳೋದು ಅಂತ ಮೂರು ಭಾಗ. ಶರಾವತಿಯ ವಿಷಯದಲ್ಲಿ ನಾವು ಬರೆದಿರೋದು ಬಹುಪಾಲು ಮೊದಲನೇ ಭಾಗ ಮಾತ್ರ. ಮೂರನೇ ಭಾಗ ಬರೆಯೋಕೆ ಆಗಲ್ಲ, ಮರಳೋ ಊರೇ ಇಲ್ವಲ್ಲ!

ಎರಡನೇ ಭಾಗದಲ್ಲಿ ಏನಿದೆ ಅಂತ ಕೇಳಿದರೆ, ಮುಖ್ಯವಾಗಿ ಕಾಗದ ಇದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಜನರನ್ನು ಕಾಡಿನ ಜಮೀನಿಗೆ ತಂದು ಬಿಟ್ಟರು. ಅವರು ಗದ್ದೆ ಮಾಡಿದರು, ತೋಟ ಎಬ್ಬಿಸಿದರು. ಆದರೆ ದಾಖಲೆಯಲ್ಲಿ ಆ ಜಮೀನು ಎಷ್ಟೋ ಕಡೆ 'ಅರಣ್ಯ' ಅಂತಲೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಕಾಡಿನ ಪಟ್ಟಿಯಿಂದ ಜಮೀನು ತೆಗೀಬೇಕಾದ್ರೆ ಕೇಂದ್ರದ ಒಪ್ಪಿಗೆ ಬೇಕು. ಆ ಒಪ್ಪಿಗೆ ಇಲ್ಲದೆ ರಾಜ್ಯ ಸರ್ಕಾರ ಹೊರಡಿಸಿದ್ದ ಡಿನೋಟಿಫಿಕೇಶನ್‌ಗಳು 2021ರಲ್ಲಿ ಹೈಕೋರ್ಟ್ ಆದೇಶದ ಬೆನ್ನಲ್ಲೇ ರದ್ದಾದವು.

ಹಾಗಾದರೆ 2006ರ ಅರಣ್ಯ ಹಕ್ಕು ಕಾಯ್ದೆ? ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದ್ರೆ 75 ವರ್ಷ, ಕಾಡಿನ ನೆಲದಲ್ಲಿ ಬಾಳಿದ್ದಕ್ಕೆ ಸಾಕ್ಷಿ ಕೊಡಬೇಕು ಅನ್ನುತ್ತೆ ಅದು. ಲೆಕ್ಕ ಹಾಕಿ. 1960ರಲ್ಲಿ ಬಂದವರಿಗೆ 2005ಕ್ಕೆ ಆಗೋದು 45 ವರ್ಷ. 1930ರಲ್ಲಿ ಎಲ್ಲಿದ್ರಿ ಅಂತ ಕೇಳಿದರೆ ಉತ್ತರ ಇರೋದು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿ. ಇಲ್ಲಿ ಗಡಿ ಅಂದ್ರೆ ಎರಡು ದೇಶಗಳ ನಡುವೆ ಹಾಕಿದ ತಂತಿಯಲ್ಲ, ಪಹಣಿಯ ಒಂದು ಕಾಲಂ. ಮನುಷ್ಯ ಅದನ್ನು ದಾಟಿ ಅರವತ್ತು ವರ್ಷ ಆಯ್ತು, ಕಾಗದ ಮಾತ್ರ ಇನ್ನೂ ಆಚೆ ದಡದಲ್ಲೇ ನಿಂತಿದೆ.

ವಿದ್ವತ್ತಿನ ಕಡೆ ತಿರುಗಿದರೆ ಅಣೆಕಟ್ಟಿನ ಎತ್ತರ ಸಿಗುತ್ತೆ, ಶರಾವತಿ ವಿದ್ಯುದಾಗಾರದ 1035 ಮೆಗಾವ್ಯಾಟ್ ಸಿಗುತ್ತೆ. ಬೆಂಗಳೂರಿನ ಐಐಎಸ್‌ಸಿಯವರು ಶರಾವತಿ ಕೊಳ್ಳದ ಕಪ್ಪೆ, ಮೀನು, ಮರಗಳ ಬಗ್ಗೆ ಒಳ್ಳೆಯ ಕೆಲಸ ಮಾಡಿದ್ದಾರೆ. ಬಂದು ನೆಲೆಸಿದ ಜನರ ಬಗ್ಗೆಯೂ ಅಷ್ಟೇ ತಾಳ್ಮೆಯಿಂದ ಬರೆದ, ಅಂಗಡಿಯಲ್ಲಿ ಸುಲಭವಾಗಿ ಸಿಗೋ ಒಂದು ಕನ್ನಡ ಪುಸ್ತಕ ನನಗೆ ಬೇಕು. ಅದರಲ್ಲಿ ಮೊದಲಿಂದ ಅಲ್ಲಿದ್ದವರ ಮಾತೂ ಇರಬೇಕು. ಬಂದವರಿಗೆ ಕೊಟ್ಟ ಕಾಡು ಇದ್ದವರ ದನ ಮೇಯೋ, ಸೊಪ್ಪು-ಸೌದೆ ತರೋ ಕಾಡೂ ಆಗಿತ್ತು. ಇವರಿಬ್ಬರ ಮಧ್ಯೆ ಆದ ಜಗಳ, ಆಮೇಲೆ ಆದ ನೆಂಟಸ್ತನ, ಎರಡನ್ನೂ ಯಾರೂ ಸರಿಯಾಗಿ ಬರೆದಿಲ್ಲ.

ಬರೆಯೋದು ಕಷ್ಟ ಅನ್ನೋದು ನಿಜ. ಮುಳುಗೋ ದೇವಸ್ಥಾನಕ್ಕೆ ಒಂದು ಫ್ರೇಮ್ ಸಾಕು. ತಾಲ್ಲೂಕು ಕಚೇರಿ ಬೆಂಚಿನ ಮೇಲೆ ಕಳೆದ ಮೂವತ್ತು ವರ್ಷಕ್ಕೆ ಯಾವ ಫ್ರೇಮ್ ಇಡ್ತೀರಿ? ಆದರೆ ಬಂದವರನ್ನು ಬರೆಯೋ ಅಭ್ಯಾಸ ಈ ಸೀಮೆಗೆ ಹೊಸದೇನಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯ ಮಠದ 1162ರ ಶಾಸನ ಇದೆ. ಆ ಮಠದಲ್ಲಿ ಯಾರಿಗೆಲ್ಲ ಅನ್ನ, ಆಸರೆ ಇತ್ತು ಅನ್ನೋದನ್ನು ಅದು ಪಟ್ಟಿ ಮಾಡುತ್ತೆ: ದೀನರು, ಕುರುಡರು, ಕುಂಟರು, ಹಾಡುವವರು, ಕುಣಿಯುವವರು, ಬೇರೆ ಬೇರೆ ಮತದ ಸನ್ಯಾಸಿಗಳು, ನಾನಾ ದೇಶದ ಭಿಕ್ಷುಕರು. ಎಲ್ಲಿಂದ ಯಾಕೆ ಬಿಟ್ಟು ಬಂದ್ರಿ ಅನ್ನೋ ಕರುಣಾರಸದ ಕಥೆ ಅದರಲ್ಲಿಲ್ಲ. ಬಂದ ಮೇಲೆ ಇವರಿಗೆ ಏನು ಸಿಗಬೇಕು ಅನ್ನೋದಷ್ಟೇ ಇದೆ.

ಮುಳುಗಡೆಯ ಮೇಲೆ ಮುಂದೆ ಯಾರಾದರೂ ಸಿನಿಮಾ ಮಾಡೋದಾದರೆ ಹಿನ್ನೀರಿನ ಡ್ರೋನ್ ಶಾಟ್ ಒಂದು ಸಲ ಬಿಡಲಿ. ಸೊರಬದ ಯಾವುದಾದರೂ ಮುಳುಗಡೆ ಕೇರಿಗೆ ಹೋಗಿ, ಅರವತ್ತು ವರ್ಷದ ಅಡಿಕೆ ತೋಟದ ನಡುವೆ ಕ್ಯಾಮೆರಾ ಇಟ್ಟು, ಈ ತೋಟ ಯಾರದು ಅಂತ ಕೇಳಲಿ. ಮನೆಯವರು ಒಂದು ಹೇಳ್ತಾರೆ, ಪಹಣಿ ಇನ್ನೊಂದು ಹೇಳುತ್ತೆ. ಸಿನಿಮಾ ಅಲ್ಲಿಂದ ಶುರುವಾಗಲಿ.