ಪೇಶೀಸಂಕೋಚದಲ್ಲಿ ಕ್ಯಾಲ್ಸಿಯಂ: ಒಂದು ಆಕ್ಷೇಪದ ಪರಿಶೀಲನೆ

ಅಂಗಾಂಗಗಳನ್ನು ಚಲಿಸುವ ಮಾಂಸಖಂಡಗಳನ್ನು ಸ್ನಾಯುಗಳೆಂದು ಕರೆಯುವ ರೂಢಿಯು ಕನ್ನಡದಲ್ಲಿ ಬಲವಾಗಿದೆ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಾದರೋ ಸ್ನಾಯುಗಳು ೯೦೦, ಪೇಶಿಗಳು ೫೦೦ ಎಂದು ಬೇರೆಬೇರೆಯಾಗಿ ಎಣಿಸಿದೆ. ಬಂಧಿಸುವುದು ಸ್ನಾಯು, ಮಾಂಸಮಯವಾದುದು ಪೇಶಿ. ಆದುದರಿಂದ ಪ್ರಕೃತದಲ್ಲಿ ಪೇಶಿಯೆಂಬ ಪದವೇ ಯುಕ್ತವು. ಎಲುಬುಗಳಿಗೆ ಹೊಂದಿಕೊಂಡಿರುವ ಈ ಪೇಶಿಯನ್ನು ಸಂಕೋಚಕ್ಕೆ ಪ್ರೇರಿಸುವ ಕಾರಣವು ಯಾವುದೆಂಬುದೇ ವಿಚಾರ್ಯವಿಷಯವು.

ಕಪ್ಪೆಯ ಹೃದಯದ ಮಿಡಿತಕ್ಕೆ ಕ್ಯಾಲ್ಸಿಯಂ ಅವಶ್ಯವೆಂದು ಸಿಡ್ನಿ ರಿಂಗರರು ೧೮೮೩ರಲ್ಲಿಯೇ ತೋರಿಸಿದ್ದರು. ೧೯೪೭ರಲ್ಲಿ ಹೈಲ್‌ಬ್ರನ್ ಮತ್ತು ವಿಯರ್ಸಿನ್‌ಸ್ಕಿ ಎಂಬವರು ಕಪ್ಪೆಯ ಪೇಶೀತಂತುವಿನ ಒಳಕ್ಕೆ ನಾನಾ ಲವಣದ್ರವಗಳನ್ನು ಹೊಗಿಸಿ ಪರೀಕ್ಷಿಸಿದರು. ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂಗಳಿಂದ ತಂತುವು ಕುಗ್ಗಲಿಲ್ಲ, ಕ್ಯಾಲ್ಸಿಯಂನಿಂದ ಕುಗ್ಗಿತು. ಅನ್ವಯವ್ಯತಿರೇಕಗಳೆರಡೂ ಇಲ್ಲಿ ಅನುಕೂಲವಾಗಿಯೇ ಇವೆ.

ಹೀಗಿದ್ದರೂ ಈ ವಾದವು ಕೂಡಲೆ ಸರ್ವಸಮ್ಮತವಾಗಲಿಲ್ಲ. ೧೯೪೮ರಲ್ಲಿ ಎ. ವಿ. ಹಿಲ್ ಮಹಾಶಯರು ಒಂದು ಗಣಿತವನ್ನು ಮುಂದಿಟ್ಟರು. ತಂತುವಿನ ಹೊರಮೈಯಿಂದ ಒಂದು ಪದಾರ್ಥವು ತಾನಾಗಿ ಹರಡುತ್ತ ನಡುವನ್ನು ಮುಟ್ಟಲು ಹಿಡಿಯುವ ಕಾಲವು, ಪೇಶಿಯು ಪೂರ್ಣವಾಗಿ ಚೇತನಗೊಳ್ಳುವ ಕಾಲಕ್ಕಿಂತ ಬಹಳ ಹೆಚ್ಚು; ಆದುದರಿಂದ ಒಳಕ್ಕೆ ಸಾಗುವುದು ಪದಾರ್ಥವಲ್ಲ, ಒಂದು ಪ್ರಕ್ರಿಯೆ ಎಂಬುದು ಅವರ ನಿರ್ಣಯ. ಈ ಗಣಿತವನ್ನು ಕ್ಯಾಲ್ಸಿಯಂವಾದಕ್ಕೆ ಬಾಧಕವೆಂದು ಹಲವರು ಬಗೆದರು.

ಗಣಿತದಲ್ಲಿ ದೋಷವಿಲ್ಲ, ದೋಷವಿರುವುದು ಅದರ ವಿನಿಯೋಗದಲ್ಲಿ. ಹೊರಮೈಯಿಂದ ಬರುವಿಕೆಯೆಂಬ ಹೇತುವು ಪಕ್ಷವಾದ ಕ್ಯಾಲ್ಸಿಯಂನಲ್ಲಿ ಇದೆಯೆಂದು ಯಾರೂ ಸಾಧಿಸಿರಲಿಲ್ಲ. ಆದುದರಿಂದ ಆ ಹೇತುವು ಸ್ವರೂಪಾಸಿದ್ಧವು. ಮುಂದಿನ ಶೋಧನೆಗಳು ಇದನ್ನೇ ಸ್ಪಷ್ಟಪಡಿಸಿದವು. ಹೊರಮೈಯ ಕೆಲವು ನಿಯತಸ್ಥಾನಗಳಲ್ಲಿ ಮಾತ್ರ ಕಿರಿದಾದ ವಿದ್ಯುತ್ಪ್ರೇರಣೆಯು ಸಂಕೋಚವನ್ನುಂಟುಮಾಡುವುದೆಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ಟೇಲರ್ ೧೯೫೮ರಲ್ಲಿ ವಿವರಿಸಿದರು. ಹೊರಪೊರೆಯಿಂದ ಒಳಹೊಕ್ಕ ಸೂಕ್ಷ್ಮನಾಳಗಳ ಮೂಲಕ ವಿದ್ಯುತ್ಪ್ರೇರಣೆಯು ಸಾಗುತ್ತದೆ. ಅದಕ್ಕೆ ಮಣಿದು ನಾಳಗಳ ಪಕ್ಕದ ಚೀಲಗಳು ತಮ್ಮಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಅನ್ನು ಬಿಡುತ್ತವೆ. ಅದು ಕ್ರಮಿಸಬೇಕಾದ ದೂರವು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸು ಮಾತ್ರ. ಎಬಾಶಿ ಮತ್ತು ಕೊಡಾಮ ೧೯೬೫ರಲ್ಲಿ ವರ್ಣಿಸಿದ ಟ್ರೊಪೋನಿನ್ ಎಂಬ ಪ್ರೋಟೀನನ್ನು ಅದು ಸೇರಿದೊಡನೆ, ಆಕ್ಟಿನ್ ಮಯೋಸಿನ್‌ಗಳ ಕೂಟಕ್ಕೆ ಇದ್ದ ಅಡ್ಡಿಯು ತೊಲಗುತ್ತದೆ. ಸಾಗುವುದು ಪ್ರಕ್ರಿಯೆಯೆಂಬ ಹಿಲ್ಲರ ಮಾತೂ ಉಳಿಯಿತು, ಪ್ರೇರಕವು ಕ್ಯಾಲ್ಸಿಯಂ ಎಂಬ ಹೈಲ್‌ಬ್ರನ್ನರ ಮಾತೂ ಗೆದ್ದಿತು. ೧೯೫೯ರಲ್ಲಿಯೇ ತೀರಿಕೊಂಡ ಹೈಲ್‌ಬ್ರನ್ನರಿಗೆ ಈ ನಿರ್ಣಯವನ್ನು ಕಾಣುವ ಯೋಗವಿರಲಿಲ್ಲ.

ವ್ಯಾಯಾಮದ ವಿಷಯದಲ್ಲಿಯೂ ಇಂತಹುದೇ ಒಂದು ಅವಿಚಾರವು ಹಬ್ಬಿದೆ. ಕ್ಯಾಲ್ಸಿಯಂ ಸಂಕೋಚಕ್ಕೆ ಕಾರಣವಾದುದರಿಂದ ಅದನ್ನು ಹೆಚ್ಚಾಗಿ ಸೇವಿಸಿದರೆ ಪೇಶೀಬಲವೂ ಹೆಚ್ಚುವುದೆಂಬುದು ಅದರ ರೂಪ. ಕ್ಯಾಲ್ಸಿಯಂ ಆಜ್ಞೆಯೇ ಹೊರತು ಶಕ್ತಿಯಲ್ಲ. ಶಕ್ತಿಯನ್ನು ಕೊಡುವುದು ಎ.ಟಿ.ಪಿ. ಎಂಬ ದ್ರವ್ಯ. ಕ್ಯಾಲ್ಸಿಯಂ ಅನ್ನು ಮರಳಿ ಚೀಲಕ್ಕೆ ಸೇರಿಸುವುದಕ್ಕೂ ಎರಡು ಕಣಗಳಿಗೆ ಒಂದು ಎ.ಟಿ.ಪಿ. ವ್ಯಯವಾಗುತ್ತದೆ, ಪೇಶಿಯು ಸಡಿಲುವುದೂ ಒಂದು ದುಡಿಮೆಯೇ. ದೀರ್ಘವೂ ತೀವ್ರವೂ ಆದ ಶ್ರಮದಲ್ಲಿ ಈ ಚೀಲಗಳು ಬಿಡುವ ಕ್ಯಾಲ್ಸಿಯಂ ಕುಗ್ಗುವುದು ಆಯಾಸದ ಕಾರಣಗಳಲ್ಲೊಂದು. ಅದು ಆಹಾರದ ಕೊರತೆಯಲ್ಲ, ತಂತುವಿನ ಒಳಗಣ ವ್ಯವಹಾರ. ಅದಕ್ಕೆ ಪರಿಹಾರವು ವಿಶ್ರಾಂತಿಯೇ ಹೊರತು ಸುಣ್ಣದಂಶದ ಗುಳಿಗೆಯಲ್ಲ.