ವೈಶೇಷಿಕರ ದ್ವ್ಯಣುಕವೂ ನ್ಯಾನೋದ್ರವ್ಯರಚನೆಯೂ

ಬೇಗೂರಿನ ನಾಗೇಶ್ವರ ದೇವಾಲಯದ ಶಾಸನವು ಕಲ್ಲನ್ನು ಕಡಿದುದರಿಂದಾದುದು. ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಕೇಂದ್ರದಲ್ಲಿಯಾದರೋ ಸೂಕ್ಷ್ಮಕಣಗಳನ್ನು ಕೂಡಿಸಿ ಕಾರ್ಯಕ್ಷಮದ್ರವ್ಯಗಳನ್ನು ರಚಿಸುವರು. ಈ ಕೂಡಿಕೆಯನ್ನು ಕಂಡು, ಇದು ವೈಶೇಷಿಕರ ದ್ವ್ಯಣುಕ-ತ್ರ್ಯಣುಕಗಳೇ ಎಂದು ಕೆಲವರು ಸಾರುತ್ತಿರುವರು. ಇದು ವಿಚಾರಸಹವಲ್ಲ. ಆ ಮತದಲ್ಲಿ ತಂತುವಿನ ಬಿಳುಪೇ ಪಟದ ಬಿಳುಪಿಗೆ ಕಾರಣವು. ಅವಯವಗಳ ಸಂಖ್ಯೆಯಿಂದ ಹುಟ್ಟುವುದು ಪರಿಮಾಣವೇ ಹೊರತು ರೂಪವಲ್ಲ. ಇಲ್ಲಿಯೋ, ಸುಮಾರು 20 ನ್ಯಾನೋಮೀಟರಿನ ಚಿನ್ನದ ಕಣಗಳು ನೀರಿನಲ್ಲಿ ಕೆಂಪಾಗಿ ತೋರುವುವು. ಹಳದಿಯೆಲ್ಲಿ ಹೋಯಿತು? ಕಣದೊಳಗಣ ಎಲೆಕ್ಟ್ರಾನುಗಳು ಬೆಳಕಿನೊಡನೆ ಒಟ್ಟಾಗಿ ತೂಗಾಡುವುದೇ ಈ ಕೆಂಪಿಗೆ ಕಾರಣವು. ಪಾಕದಿಂದ ಬಂದ ರೂಪಾಂತರವೆನ್ನಲೂ ಬಾರದು. ಬೆಂಕಿಯಿಲ್ಲದೆ, ಉಪ್ಪು ಬೆರಸಿದ ಮಾತ್ರದಿಂದಲೇ ಕಣಗಳು ಒತ್ತಾಗಿ ನೀಲವರ್ಣವು ಉಂಟಾಗುವುದು. ಪ್ರಾಚೀನರ ಗೌರವಕ್ಕೆ ಇದರಿಂದ ಹಾನಿಯೇನೂ ಇಲ್ಲ. ಸಾಮ್ಯವನ್ನು ಹೇಳುವವರು ಮಾತ್ರ ಈ ಕೆಂಪಿಗೂ ನೀಲಿಗೂ ಉತ್ತರವನ್ನು ಕೊಡಬೇಕು.